ಮಡಿಕೆಯ ಮೇಲೆ ಕತ್ತರಿಸಿದ ಹಾರ್ನು

ನನ್ನ ಬಾವ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ರಾಮಾಯಣವೆಲ್ಲ ಹುಟ್ಟಿದ್ದು ಅವನು ಹೇಳಿದ ಒಂದು ಸುಳ್ಳಿನಿಂದ. ಇಪ್ಪತ್ತೆರಡು ವರ್ಷದಿಂದ ದರ್ಜಿ ಕೆಲಸ ಮಾಡುತ್ತಿರುವವನು "ನಾಳೆ ಸಂಜೆಗೆ ರೆಡಿ" ಎನ್ನುವುದನ್ನು ನಾನು ಸುಳ್ಳಿನ ಜಾತಿಗೆ ಸೇರಿಸುವುದಿಲ್ಲ. ಅದು ಆ ಕಸುಬಿನವರು ಮಾಡುವ ನಮಸ್ಕಾರ. ಅದನ್ನು ಬಿಟ್ಟರೆ ಅವನು ಜೀವಮಾನದಲ್ಲಿ ಹೇಳಿದ್ದು ಒಂದೇ ಸುಳ್ಳು, ಅದೂ ಮಂಡಿಯೂರಿ ಕೂತು, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು.

ಮನೆಯ ವಿಷಯ ಸ್ವಲ್ಪ ಹೇಳುತ್ತೇನೆ. ಮುಂದಿನ ಕೋಣೆಯೇ ಬಾವನ ಅಂಗಡಿ. ಅದರ ಹಿಂದೆ ಅಡುಗೆಮನೆ. ನಡುವಿನ ಗೋಡೆಯಲ್ಲಿ ತಟ್ಟೆ ಲೋಟ ದಾಟಿಸಲು ಒಂದು ಕಿಂಡಿ. ಕಿಂಡಿಯ ಆಚೆ, ಅಡುಗೆಮನೆಯ ಕಡೆ, ಒಂದು ಸ್ಟೂಲು. ಸ್ಟೂಲಿನ ಮೇಲೆ ಅಜ್ಜಿ, ಅಂದರೆ ಬಾವನ ತಾಯಿ. ಮಹಡಿಯ ಕೋಣೆಯಲ್ಲಿ ನಾನು. ನಾನು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವನು. ಅಕ್ಕನ ಮನೆ ಊಟ, ಬಾವನ ಮನೆ ಬಾಡಿಗೆ.

ಅಜ್ಜಿಗೆ ಕಿವಿ ಸರಿಯಾಗಿ ಕೇಳಿಸುವುದು ನಿಂತು ಹನ್ನೊಂದು ವರ್ಷವಾಗಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ "ಒಳಗೆ ಯಾರೋ ಸೀಟಿ ಹೊಡೀತಾರೆ" ಎಂದು ಅದನ್ನು ಗುಂಡಿಯ ಡಬ್ಬಕ್ಕೆ ಹಾಕಿಬಿಟ್ಟಿದ್ದಳು. ಹಾಗಾಗಿ ಮನೆಯಲ್ಲಿ ಎಲ್ಲರೂ ಕಿರುಚುತ್ತಿದ್ದೆವು. "ಅಮ್ಮಾ, ಮಾತ್ರೆ ತಗೊಂಡ್ಯಾ?" ಎಂದು ಬಾವ ಕೂಗಿದರೆ ಬೀದಿಯ ಕೊನೆಯಲ್ಲಿ ಯಾರೋ ತಮ್ಮ ಮಾತ್ರೆ ನೆನಪಿಸಿಕೊಳ್ಳುತ್ತಿದ್ದರು. ಎದುರುಮನೆಯ ನಿವೃತ್ತ ಮೇಡಂ ದಿನಕ್ಕೊಂದು ಸಲ ಬಾಗಿಲಿಗೆ ಬಂದು, "ನಿಮ್ಮ ಸಂಸಾರದ ಗುಟ್ಟೆಲ್ಲಾ ನನ್ನ ಕಿವೀಲಿದೆ, ಸ್ವಲ್ಪ ಮೆತ್ತಗೆ ಮಾತಾಡ್ರಪ್ಪಾ" ಎಂದು ಬೈದು ಹೋಗುತ್ತಿದ್ದರು. ಕಿರುಚಿ ಕಿರುಚಿ ಬಾವನಿಗೆ ತಾಯಿಯ ಜೊತೆ ಮೂರೇ ಮಾತು ಉಳಿದಿದ್ದವು: ಊಟ ಆಯ್ತಾ, ಮಾತ್ರೆ ಆಯ್ತಾ, ಮಲಕ್ಕೋ. ಕಷ್ಟಸುಖವನ್ನು ಯಾರು ತಾನೇ ಕಿರುಚಿ ಹೇಳಿಯಾರು?

ಇನ್ನು ಸುಳ್ಳಿನ ವಿಷಯ. ಊರಿನ ದಂತವೈದ್ಯರ ಪ್ಯಾಂಟಿನ ಕಾಲು ಮಡಚಲು ಬಾವ ಅವರ ಮನೆಗೆ ಹೋಗಿದ್ದ. ಅಲ್ಲಿ ಒಂದು ದೊಡ್ಡ ಕೋಣೆ; ಗೋಡೆಗೆ ಆನಿಸಿ ಆಳೆತ್ತರದ ಎರಡು ಮರದ ಹಾರ್ನುಗಳು. ಹಾರ್ನು ಅಂದರೆ ಲಾರಿಯದಲ್ಲ. ಇವು ಹಾಡು ಕೇಳುವ ಧ್ವನಿವರ್ಧಕಗಳು. ಹಿಂದಿನ ಸಣ್ಣ ಕತ್ತಿನಲ್ಲಿ ಮುಷ್ಟಿಗಾತ್ರದ ಒಂದು ಯೂನಿಟ್ಟು ಕೂತು ಮೆಲ್ಲಗೆ ನುಡಿಯುತ್ತದೆ, ಮುಂದಿನ ಅಗಲ ಬಾಯಿ ಅದನ್ನು ದೊಡ್ಡದು ಮಾಡುತ್ತದೆ. ಹಾರ್ನಿನ ಎದುರಿಗೆ ಒಂಬತ್ತು ಕುರ್ಚಿ. ಪ್ರತಿ ಭಾನುವಾರ ಒಂಬತ್ತು ಜನ ಶ್ರವಣ ಸಂಘದವರು ಕಣ್ಣು ಮುಚ್ಚಿ ಕೂತು ಕೇಳುತ್ತಾರಂತೆ.

ಬಾವ ಅಳತೆ ತೆಗೆಯುತ್ತಿದ್ದಾಗ ವೈದ್ಯರು ಅರ್ಧ ನಿಮಿಷ ಒಂದು ರೆಕಾರ್ಡು ಹಾಕಿದರು. ಹಾಡುವ ಮುಂಚೆ ಹಾಡುಗಾರ ಉಸಿರೆಳೆದುಕೊಂಡದ್ದು ಬಾವನಿಗೆ ಕೇಳಿಸಿತು. ಉಸಿರು! ಬಾವ ಟೇಪು ಕೈಬಿಟ್ಟ.

"ಸಾರ್, ನಾನೂ ಭಾನುವಾರ ಬರಬಹುದಾ?"

"ಅಯ್ಯೋ, ಬರಬಹುದಿತ್ತು. ಆದ್ರೆ ಸಂಘದ ನಿಯಮ ಒಂದಿದೆ ನೋಡಿ. ಮನೇಲಿ ಸ್ವಂತ ಹಾರ್ನ್ ಇದ್ದೋರಿಗೆ ಮಾತ್ರ ಕುರ್ಚಿ."

"ಇದೆಯಲ್ಲ ಸಾರ್," ಎಂದ ಬಾವ, ಗುಂಡುಪಿನ್ನುಗಳ ನಡುವಿನಿಂದ. "ಇದಕ್ಕಿಂತ ದೊಡ್ಡದೇ ಇದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವೈದ್ಯರ ಮುಖ ಅರಳಿತು. "ಹೌದೇನ್ರೀ? ಹೇಳಲೇ ಇಲ್ಲ ನೀವು! ಬರೋ ತಿಂಗಳು ಮೊದಲನೇ ಭಾನುವಾರ ನಾವು ಒಂಬತ್ತೂ ಜನ ನಿಮ್ಮನೆಗೇ ಬರ್ತೀವಿ. ಕೇಳಿ ಒಪ್ಪಿಗೆ ಆದ್ರೆ ಹತ್ತನೇ ಕುರ್ಚಿ ನಿಮ್ಮದು."

ಬಾವ ಮನೆಗೆ ಬಂದವನೇ ನನ್ನನ್ನು ಮೂಲೆಗೆ ಎಳೆದು ನಡೆದದ್ದನ್ನು ಪಿಸುಗುಟ್ಟಿದ.

"ಹೋಗಿ ತಪ್ಪಾಯ್ತು ಅಂದುಬಿಡು ಬಾವ," ಎಂದೆ.

"ತಪ್ಪು ಯಾಕಾಗತ್ತೆ? ಇನ್ನೂ ನಾಲ್ಕು ವಾರ ಇದೆ. ಅಷ್ಟರಲ್ಲಿ ಹಾರ್ನ್ ಮಾಡಿಬಿಟ್ರೆ ನಾನು ಹೇಳಿದ್ದು ನಿಜವೇ ಆಗಲಿಲ್ವಾ? ಸ್ವಲ್ಪ ಮುಂಚೆ ಹೇಳಿದೆ, ಅಷ್ಟೇ."

ದರ್ಜಿಯ ತರ್ಕ.

ಹಳೇ ಪತ್ರಿಕೆಯೊಂದರಲ್ಲಿ ಹಾರ್ನಿನ ನಕ್ಷೆ ಸಿಕ್ಕಿತು. ಹೂವಿನ ದಳದಂತಹ ನಾಲ್ಕು ಹಲಗೆ. ನಾಲ್ಕನ್ನೂ ಅಂಚಿಗೆ ಅಂಚು ಕೂಡಿಸಿದರೆ ಹಾರ್ನು. ಬಾಯಿ ಮೂರಡಿ, ಕತ್ತು ಎರಡಂಗುಲ, ಉದ್ದ ನಾಲ್ಕೂವರೆ ಅಡಿ. ಬಾವ ನೋಡಿ ನಕ್ಕುಬಿಟ್ಟ. "ಇದೇನೋ ಮಹಾ! ನಾಲ್ಕು ತುಂಡು ಕೂಡಿಸಿ ಹೊಲಿಯೋ ಕಳಿ ಲಂಗ ಇದ್ದ ಹಾಗಿದೆ." ಕಾಗದ ಹಾಸಿ, ಸೀಮೆಸುಣ್ಣ ಹಿಡಿದು, ಮೀಸೆಯಡಿಯಲ್ಲಿ ಏನೋ ಗುನುಗುತ್ತಾ ಒಂದೇ ಗಂಟೆಯಲ್ಲಿ ಮಾದರಿ ಕತ್ತರಿಸಿ ಬಡಗಿಗೆ ಕೊಟ್ಟುಬಂದ.

ಇಲ್ಲೇ ಎಡವಟ್ಟಾದದ್ದು. ಬಟ್ಟೆ ಕತ್ತರಿಸುವವರು ಬಟ್ಟೆಯನ್ನು ಎರಡಾಗಿ ಮಡಚಿ, ಮಡಿಕೆಯ ಮೇಲೆ ಅರ್ಧ ಅಳತೆ ಗುರುತಿಸಿ ಕತ್ತರಿಸುತ್ತಾರೆ. ಬಿಡಿಸಿದಾಗ ಎರಡೂ ಕಡೆ ಸಮ. ಬಾವನ ಕೈ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಕಾಗದವನ್ನು ಮಡಚಿತು. ಆದರೆ ಪತ್ರಿಕೆಯವರು ಕೊಟ್ಟಿದ್ದು ಪೂರ್ತಿ ಅಳತೆ. ಆ ಪೂರ್ತಿ ಅಳತೆಯನ್ನೇ ಅವನು ಮಡಿಕೆಯ ಮೇಲೆ ಇಳಿಸಿದ. ಕಾಗದ ಬಿಡಿಸಿದಾಗ ಎಲ್ಲವೂ ಎರಡರಷ್ಟು ಅಗಲ.

ಬಡಗಿಯಾದರೂ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಅವನೂ ಕಲಾವಿದ. ಮಾದರಿ ನೋಡಿ, "ಬಾಯಿ ಆರಡಿ, ಉದ್ದ ನಾಲ್ಕೂವರೆ? ಥೂ, ತಪ್ಪಲೆ ಥರ ಕಾಣತ್ತೆ. ದರ್ಜಿಗೆ ಮರದ ಅಂದ ಏನು ಗೊತ್ತು?" ಎಂದು ತಾನೇ ಉದ್ದವನ್ನೂ ಎರಡರಷ್ಟು ಮಾಡಿದ. ಒಂಬತ್ತಡಿ! ಮೂರು ವಾರ ಬಿಸಿನೀರು ಸುರಿದು ಹಲಗೆ ಬಗ್ಗಿಸಿದನಂತೆ.

ಹಲಗೆಗಳು ಒಂದೊಂದಾಗಿ ಬಂದದ್ದರಿಂದ ಬಾಗಿಲಲ್ಲಿ ಓರೆಯಾಗಿ ನುಸುಳಿ ಒಳಗೆ ಹೋದವು. ಬಡಗಿ ಮುಂದಿನ ಕೋಣೆಯಲ್ಲೇ ಅವನ್ನು ಕೂಡಿಸಿ, ಅಂಟು ಹಾಕಿ, ಮೊಳೆ ಹೊಡೆದು ಹಿಂದೆ ಸರಿಯಲು ನೋಡಿದ. ಸರಿಯಲು ಜಾಗವಿರಲಿಲ್ಲ. ಹಾರ್ನಿನ ಬಾಯಿ ಬೀದಿ ಬಾಗಿಲಿನ ಕಡೆಗೆ ಆಕಳಿಸುತ್ತಿತ್ತು. ಬಾಲ ಹಿಂದಿನ ಗೋಡೆಗೆ ಹೋಗಿ, ತಟ್ಟೆ ದಾಟಿಸುವ ಕಿಂಡಿಯೊಳಗೆ ನುಗ್ಗಿ, ಅಡುಗೆಮನೆಯಲ್ಲಿ ಅಜ್ಜಿಯ ಸ್ಟೂಲಿನ ಪಕ್ಕ ಮೂತಿ ಹಾಕಿತ್ತು. ಹೊಲಿಗೆ ಯಂತ್ರ ಗೋಡೆಗೆ ಅಂಟಿಕೊಂಡಿತ್ತು.

ಬಾವ ಪತ್ರಿಕೆ ನೋಡಿದ. ಹಾರ್ನು ನೋಡಿದ. ಟೇಪು ತೆಗೆದು ಅಳೆದ. ಆಮೇಲೆ ನಿಧಾನಕ್ಕೆ ಪತ್ರಿಕೆಯನ್ನು ಎರಡಾಗಿ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ಮಡಿಕೆ ಕಣೋ," ಎಂದ, ಸತ್ತ ಧ್ವನಿಯಲ್ಲಿ.

ಅಕ್ಕ ಸಂತೆಚೀಲ ಹಿಡಿದು ಒಳಗೆ ಬಂದಳು. ಒಂದು ನಿಮಿಷ ಮಾತಿಲ್ಲ. ಅಕ್ಕ ಒಂದು ನಿಮಿಷ ಸುಮ್ಮನಿದ್ದರೆ ಗಂಡಸರು ಚಪ್ಪಲಿ ಹುಡುಕಿಕೊಳ್ಳುವುದು ವಾಸಿ.

"ಏನ್ರೀ ಇದು?"

"ಹಾರ್ನು."

"ಹಾರ್ನು ಅಂತ ನನಗೂ ಕಾಣತ್ತೆ. ಇದರೊಳಗೆ ನಾವು ಇರಬೇಕಾ, ನಮ್ಮೊಳಗೆ ಇದು ಇರಬೇಕಾ? ಗಿರಾಕಿಗಳು ಎಲ್ಲಿ ನಿಲ್ಲೋದು? ಇದನ್ನ ಈಗಲೇ ಆಚೆ ಹಾಕಿ!"

ಆಚೆ ಹಾಕುವುದಕ್ಕೆ ಒಂದೋ ಹಾರ್ನು ಒಡೆಯಬೇಕು, ಇಲ್ಲವೇ ಮನೆ ಒಡೆಯಬೇಕು ಎಂದು ಬಡಗಿ ವಿವರಿಸಿದ. ಮನೆ ಒಡೆಯುವುದು ಸುಲಭ, ಹಾರ್ನಿಗೆ ಅಂಟು ಚೆನ್ನಾಗಿ ಹಾಕಿದ್ದೇನೆ ಎಂದೂ ಸೇರಿಸಿದ. ಅಕ್ಕ ಅವನನ್ನು ನೋಡಿದ ರೀತಿಗೆ ಉಳಿ ಸುತ್ತಿಗೆ ಅಲ್ಲೇ ಬಿಟ್ಟು ಹೊರಟ.

"ಭಾನುವಾರ ಒಂದು ಕಳೀಲಿ ಕಣೇ," ಎಂದು ಬಾವ ಬೇಡಿಕೊಂಡ. "ಹತ್ತನೇ ಕುರ್ಚಿ ಸಿಕ್ರೆ ಸಾಕು. ಇಪ್ಪತ್ತೆರಡು ವರ್ಷ ಮಂಡಿಯೂರಿ ಎಲ್ಲರ ಕಾಲು ಅಳೆದಿದ್ದೀನಿ. ಒಂದು ದಿನ ಅವರ ಜೊತೆ ಕುರ್ಚೀಲಿ ಕೂತು ಒಂದು ಹಾಡು ಕೇಳಬೇಕು. ಅಷ್ಟೇ ನನ್ನ ಆಸೆ."

ಅಕ್ಕನ ಮನಸ್ಸು ಬೆಣ್ಣೆ, ಬಾಯಿ ಮಾತ್ರ ಬಾಣಲೆ. "ಆಯ್ತು. ಭಾನುವಾರದ ತನಕ. ಸೋಮವಾರ ಬೆಳಗ್ಗೆ ಬಡಗಿ ಗರಗಸ ತಗೊಂಡು ಬರ್ತಾನೆ. ಇದರಲ್ಲಿ ಎರಡು ಮಾತಿಲ್ಲ."

ಭಾನುವಾರದ ತನಕ ಮರ ಯಾಕೆ ದಂಡವಾಗಬೇಕೆಂದು ಅವಳು ಒಗ್ಗರಣೆ ಹೊಗೆ ಬರದಂತೆ ಹಾರ್ನಿನ ಕತ್ತಿಗೆ ಚಿಂದಿ ತುರುಕಿ, ಬಾಯಿಗೆ ಪರದೆ ಕಟ್ಟಿ ಅದನ್ನು ಟ್ರಯಲ್ ರೂಮು ಮಾಡಿದಳು. ಗಿರಾಕಿಗಳು ಒಳಗೆ ಹೋಗಿ ಅಂಗಿ ಬದಲಿಸಿ ಬರತೊಡಗಿದರು. ಬಾವನ ಎದೆ ಒಡೆಯಿತು.

ಗುರುವಾರ ಪುರಸಭೆಯ ಇನ್ಸ್‌ಪೆಕ್ಟರ್ ಬಂದರು, ಕೈಯಲ್ಲಿ ದೂರಿನ ಪತ್ರ. ಎದುರುಮನೆ ಮೇಡಂ ಕಿಟಕಿಯ ಪರದೆ ಸರಿಸಿದರು. ಪತ್ರ ಯಾರದೆಂದು ಬೇರೆ ಹೇಳಬೇಕಾಗಿರಲಿಲ್ಲ.

"ಅನುಮತಿ ಇಲ್ಲದೆ ಧ್ವನಿವರ್ಧಕ ಇಟ್ಟಿದ್ದೀರಂತೆ. ಎಲ್ಲಿ?"

"ನೀವು ಅದರೊಳಗೇ ನಿಂತಿದ್ದೀರಿ ಸಾರ್," ಎಂದೆ.

ಇನ್ಸ್‌ಪೆಕ್ಟರ್ ಸುತ್ತಲೂ ನೋಡಿದರು. ತಟ್ಟಿದರು. "ಸದ್ದು ಮಾಡತ್ತಾ?"

"ಇನ್ನೂ ಇಲ್ಲ."

"ಸದ್ದು ಮಾಡದಿದ್ರೆ ಧ್ವನಿವರ್ಧಕ ಹೇಗಾಗತ್ತೆ? ನಾಲ್ಕು ಗೋಡೆ ಇದೆ, ಪರದೆ ಇದೆ, ಕೊಕ್ಕೇಲಿ ಅಂಗಿ ನೇತಾಡ್ತಿದೆ. ಕಾನೂನು ಪ್ರಕಾರ ಇದು ಹೆಚ್ಚುವರಿ ಕೋಣೆ. ನಕ್ಷೆ ಎಲ್ಲಿ?"

ಬಾವ ನಕ್ಷೆ ತೋರಿಸಿದ. ಇನ್ಸ್‌ಪೆಕ್ಟರ್ ಅಳೆಸಿದರು. "ನಕ್ಷೇಲಿ ಮೂರಡಿ, ಇಲ್ಲಿ ಆರಡಿ! ಒಟ್ಟಿನಲ್ಲಿ ಎಲ್ಲರೂ ಹೀಗೇ ಕಣ್ರೀ ಕಟ್ಟೋದು." ಸೋಮವಾರ ಗರಗಸ ಬರುತ್ತದೆಂದು ಅಕ್ಕ ಭರವಸೆ ಕೊಟ್ಟ ಮೇಲೆ ಅವರು "ತಾತ್ಕಾಲಿಕ" ಎಂದು ಬರೆದುಕೊಂಡು ಹೋದರು.

ಭಾನುವಾರ ಬಂತು. ಇನ್ನೊಂದು ಗ್ರಹಚಾರ ಆ ದಿನ ಬೆಳಗ್ಗೆ ಗೊತ್ತಾಯಿತು. ರೇಡಿಯೋ ರಿಪೇರಿಯವನಿಂದ ಬಾವ ತಂದಿದ್ದ ಯೂನಿಟ್ಟು ಎರಡಂಗುಲದ ಕತ್ತಿಗೆ ಹೊಂದುವಂಥದ್ದು. ಮಡಿಕೆಯ ಮಹಿಮೆಯಿಂದ ಕತ್ತೂ ನಾಲ್ಕಂಗುಲವಾಗಿತ್ತು. ಚಿಂದಿ ತೆಗೆದು ಇಟ್ಟರೆ ಯೂನಿಟ್ಟು ಸೀದಾ ಜಾರಿ ಆಚೆ ಬಂತು. ಬಾವ ಧೃತಿಗೆಡಲಿಲ್ಲ. ಕಾಲರಿಗೆ ಹಾಕುವ ಬಕ್ರಂ ಬಟ್ಟೆಯನ್ನು ಅದಕ್ಕೆ ಸುತ್ತಿ ಕತ್ತಿಗೆ ತುರುಕಿ, "ಕಾಲರ್ ನಿಲ್ಲಿಸೋ ಬಕ್ರಂ ಇದನ್ನ ನಿಲ್ಲಿಸಲ್ವಾ?" ಎಂದ.

ನಾಲ್ಕು ಗಂಟೆಗೆ ಒಂಬತ್ತು ಜನ ತಮ್ಮ ತಮ್ಮ ದಿಂಬು ಹಿಡಿದು ಬಂದರು. ಹಾರ್ನು ಕಂಡ ಕೂಡಲೇ ಬಾಗಿಲಲ್ಲೇ ನಿಂತುಬಿಟ್ಟರು. ದಂತವೈದ್ಯರ ಬಾಯಿ ತೆರೆದೇ ಇತ್ತು. ಅವರ ಹಲ್ಲುಗಳನ್ನು ಊರು ನೋಡಿದ್ದು ಅವತ್ತೇ ಮೊದಲು.

"ದೊಡ್ಡದಿದೆ ಅಂದ್ರಿ. ಇಷ್ಟು ದೊಡ್ಡದು ಅನ್ನಲಿಲ್ಲ!"

"ನಾನು ಕೊಚ್ಚಿಕೊಳ್ಳೋದು ಕಡಿಮೆ ಸಾರ್," ಎಂದ ಬಾವ.

ಒಂಬತ್ತು ಜನ ಬೆಂಚು ಸ್ಟೂಲುಗಳ ಮೇಲೆ ಕೂತು ಕಣ್ಣು ಮುಚ್ಚಿದರು. ಬಾವ ಕೈಮುಗಿದು ರೆಕಾರ್ಡಿನ ಮೇಲೆ ಮುಳ್ಳು ಇಟ್ಟ. ನಾನು ಪಕ್ಕದಲ್ಲಿ ನಿಂತಿದ್ದೆ.

ಯೂನಿಟ್ಟು ಒಂದು ಸಲ ನಡುಗಿತು. ಆ ನಡುಕಕ್ಕೇ ಬಕ್ರಂ ಕೈಕೊಟ್ಟಿತು. ಅಡುಗೆಮನೆಯ ಕಡೆ ಅದು ಕಳಚಿ ಕೆಳಗಿನ ನೀರಿನ ಬಕೆಟ್ಟಿಗೆ ಬಿತ್ತು. ಹಾರ್ನಿನಿಂದ ಬಂದ ಮೊದಲ ನಾದ: ಡುಬುಕ್.

"ಆಹಾ," ಎಂದರು ಒಬ್ಬರು, ಕಣ್ಣು ತೆರೆಯದೆ. "ಏನು ಆಳ!"

ಬಾವ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು. ಮುಗಿಯಿತು ಕಥೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಹಾರ್ನು ಮತ್ತೆ ನುಡಿಯಿತು. ಟಪ್. ಟಪ್. ಟಪ್ ಟಪ್.

ಅದು ಏನೆಂದು ನನಗೆ ಗೊತ್ತಿತ್ತು. ಅಜ್ಜಿ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಯೂನಿಟ್ಟು ಹೋದ ತೂತು ಅವಳ ಮುಖದ ಪಕ್ಕಕ್ಕೇ ಬಾಯಿ ತೆರೆದಿತ್ತು.

"ತಾಳವಾದ್ಯ," ಎಂದು ಇನ್ನೊಬ್ಬರು ಪಿಸುಗುಟ್ಟಿದರು. "ಬೆರಳಿನ ಚರ್ಮ ಕೂಡ ಕೇಳಿಸ್ತಿದೆ ಕಣ್ರೀ!"

ಆಮೇಲೆ ಅಜ್ಜಿ ಹಾಡಿದಳು. ಅವಳ ಪಾಡಿಗೆ ಅವಳು, ಬಾವ ಮಗುವಾಗಿದ್ದಾಗ ಹಾಡುತ್ತಿದ್ದ ಜೋಗುಳ. ಕಿವಿ ಹೋದ ಮೇಲೆ ಅವಳು ಬಾಯಿಬಿಟ್ಟು ಹಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಒಳಗೊಳಗೇ ಗುನುಗುತ್ತಿದ್ದಳೋ ಏನೋ. ಆ ಗುನುಗು ಒಂಬತ್ತಡಿ ದಾಟಿ ಆರಡಿ ಬಾಯಿಂದ ಹೊರಬಿದ್ದಾಗ ಕೋಣೆಯ ತುಂಬ ಅವಳೇ ಇದ್ದಳು. ಉಸಿರು, ನಡುಕ, ತುಟಿಯ ತೇವ, ಎಲ್ಲ. ಒಂಬತ್ತು ಜನರಲ್ಲಿ ಮೂವರ ಕಣ್ಣಲ್ಲಿ ನೀರು.

ದಂತವೈದ್ಯರು ಕಣ್ಣು ಮುಚ್ಚಿಯೇ ಬೆರಳೆತ್ತಿದರು. "ಹಾಡ್ತಿರೋ ತಾಯಿಗೆ ಮೇಲ್ಸಾಲಲ್ಲಿ ಎರಡು ಹಲ್ಲಿಲ್ಲ. ಎಡಗಡೆ. ಅದೂ ಗೊತ್ತಾಗ್ತಿದೆ! ಮೂವತ್ತು ವರ್ಷದಲ್ಲಿ ಇಂಥಾ ಹಾರ್ನ್ ಕೇಳಿಲ್ಲ ನಾನು." ಮುಂದಕ್ಕೆ ಬಾಗಿ ಬಾವನ ಕೈ ಹಿಡಿದುಕೊಂಡರು. "ಹತ್ತನೇ ಕುರ್ಚಿ ನಿಮ್ಮದೇ, ತಗೊಳ್ಳಿ!"

ಸಿಕ್ಕಿತು! ನಾನು ಕುಣಿಯುವುದೊಂದು ಬಾಕಿ. ಆಗ ಕೊನೆಯ ಬೆಂಚಿನ ಬ್ಯಾಂಕಿನ ಮ್ಯಾನೇಜರು, ಎಲ್ಲ ಸಂಘದಲ್ಲೂ ಇಂಥವರೊಬ್ಬರು ಇರುತ್ತಾರೆ, ತೀರ ಮೆತ್ತಗೆ ಅಂದರು: "ಶ್ರುತಿ ಸ್ವಲ್ಪ ತಗ್ಗು."

ಹಾಡು ನಿಂತಿತು.

"ಯಾರೋ ಅದು, ಶ್ರುತಿ ತಗ್ಗು ಅಂದೋನು?" ಎಂದಿತು ಹಾರ್ನು.

ಮ್ಯಾನೇಜರು ಬೆಂಚಿನಿಂದ ಬಿದ್ದರು. ಉಳಿದ ಎಂಟು ಜನ ಕಣ್ಣು ತೆರೆದರು. ಒಬ್ಬರು ದಿಂಬನ್ನು ಎದೆಗೆ ಅವಚಿಕೊಂಡರು.

"ಕೇಳಬೇಕಿದ್ರೆ ಕೇಳು, ಇಲ್ದಿದ್ರೆ ಎದ್ದು ಹೋಗು," ಎಂದು ಹಾರ್ನು ಗುಡುಗಿತು. "ನಾನೇನು ನಿನ್ನ ಕರೆದಿದ್ನಾ?"

"ಇದು... ಇದು ಯಾವ ರೆಕಾರ್ಡು?" ಎಂದರು ದಂತವೈದ್ಯರು.

ಬಾವ ಸುಮ್ಮನೆ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅಪರೂಪದ ರೆಕಾರ್ಡು ಸಾರ್, ಎಂದಿದ್ದರೆ ಆ ಒಂಬತ್ತು ಜನ ಅದನ್ನೂ ನಂಬುತ್ತಿದ್ದರು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಕಾಲು ತುಳಿದೆ. ಆದರೆ ಬಾವ ನನ್ನನ್ನೂ ನೋಡಲಿಲ್ಲ, ವೈದ್ಯರನ್ನೂ ನೋಡಲಿಲ್ಲ. ಅವನ ಮುಖ ಏನೋ ಒಂಥರಾ ಆಗಿತ್ತು.

"ಕೇಳಿಸ್ತು," ಎಂದ. "ಅವರು ಪಿಸುಗುಟ್ಟಿದ್ದು ಹಾರ್ನಿನ ಒಳಗಿಂದ ಹೋಗಿ ಅಮ್ಮಂಗೆ ಕೇಳಿಸ್ತು ಕಣೋ."

ವೈದ್ಯರ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಹತ್ತನೇ ಕುರ್ಚಿಯ ಆಸೆಯನ್ನು ಅಲ್ಲೇ ಬಿಟ್ಟು, ಒಂಬತ್ತು ಜನ ನೋಡುತ್ತಿದ್ದಂತೆ, ಬಗ್ಗಿ ಹಾರ್ನಿನೊಳಗೆ ಹೋದ. ಮಂಡಿಯ ಮೇಲೆ ಅಂಬೆಗಾಲಿಟ್ಟು ಹೋದ. ನಮಗೆ ಕಾಣುತ್ತಿದ್ದದ್ದು ಅವನ ಎರಡು ಅಂಗಾಲು ಮಾತ್ರ.

"ಅಮ್ಮಾ," ಎಂದ, ನಿಜಕ್ಕೂ ಮೆತ್ತಗೆ.

"ಏನೋ?" ಎಂದಿತು ಹಾರ್ನು. "ಕೇಳಿಸ್ತಿದೆ, ಕಿರುಚಬೇಡ."

ಅಂಗಾಲುಗಳು ಅಲುಗಲಿಲ್ಲ. ಮತ್ತೆ ಹಾರ್ನೇ ಮಾತಾಡಿತು. "ಯಾಕೋ ಅಳ್ತೀಯಾ? ಊಟ ಮಾಡಿಲ್ವಾ?"

ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ದಂತವೈದ್ಯರು ಮೂಗು ಒರೆಸಿಕೊಂಡರು. ಆಮೇಲೆ ನಡೆದದ್ದು ಸಂಘದ ಇತಿಹಾಸದಲ್ಲೇ ಇಲ್ಲ. ಒಂಬತ್ತು ಜನರೂ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಹಾರ್ನಿಗೆ ಬಗ್ಗಿ ಅಜ್ಜಿಯ ಜೊತೆ ಮಾತಾಡಿದರು. ವೈದ್ಯರು, "ಅಮ್ಮಾ, ಮೇಲಿನ ಎರಡು ಹಲ್ಲು ಇಲ್ಲ ಅಲ್ವಾ?" ಎಂದು ಕೇಳಿದರೆ, "ನಿನಗೆ ಹೇಗಪ್ಪಾ ಗೊತ್ತು? ನೀನೇ ಕಿತ್ತಿದ್ದಾ?" ಎಂದಳು. ಮ್ಯಾನೇಜರು ಕ್ಷಮೆ ಕೇಳಿದರು. ಅಜ್ಜಿ ಜೋಗುಳವನ್ನು ಮೊದಲಿಂದ ಮತ್ತೆ ಹಾಡಿ, ಕೊನೆಯಲ್ಲಿ, "ಈಗ ಶ್ರುತಿ ಸರಿ ಇತ್ತಾ?" ಎಂದು ಕೇಳಿಯೇ ಅವರನ್ನು ಬಿಟ್ಟಳು. ಮಡಿಕೆಯ ಸಂಗತಿ, ಸುಳ್ಳಿನ ಸಂಗತಿ ಎಲ್ಲವನ್ನೂ ಬಾವ ಅವತ್ತೇ ಒಪ್ಪಿಕೊಂಡ. ವೈದ್ಯರು ಕೇಳಿಸಿಕೊಂಡು, "ಮಡಿಕೇಲಿ ಇಂಥಾ ಗುಣ ಇದೆ ಅಂತ ನಮಗ್ಯಾರಿಗೂ ಹೊಳೀಲಿಲ್ಲ ನೋಡಿ," ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಸೋಮವಾರ ಬೆಳಗ್ಗೆ ಬಡಗಿ ಗರಗಸದ ಜೊತೆ ಹಾಜರಾದ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಅದರ ಮೇಲೆ ಒಂದು ಗೀರು ಬಿದ್ರೆ ನಿನ್ನ ಕೈ ಮುರೀತೀನಿ, ಹುಷಾರ್." ಪಾಪ, ಬಡಗಿ ಅವಳೇ ಕರೆದದ್ದೆಂದು ನೆನಪಿಸಲು ಹೋಗಿ ಇನ್ನೂ ನಾಲ್ಕು ಮಾತು ಕೇಳಿಸಿಕೊಂಡ. ಇನ್ಸ್‌ಪೆಕ್ಟರ್ ಮತ್ತೆ ಬಂದು ನೋಡಿ, ತಮ್ಮ ಪುಸ್ತಕದಲ್ಲಿ "ತಾತ್ಕಾಲಿಕ" ಎಂಬುದನ್ನು ಹೊಡೆದು ಹಾಕಿ, ತುಂಬಾ ಯೋಚಿಸಿ, "ಕಿವಿ" ಎಂದು ಬರೆದುಕೊಂಡರು. ದಂತವೈದ್ಯರು ಹತ್ತನೇ ಕುರ್ಚಿಯನ್ನು ಆಟೋದಲ್ಲಿ ಕಳಿಸಿಕೊಟ್ಟರು. ಅದು ಈಗ ಅಡುಗೆಮನೆಯಲ್ಲಿದೆ, ಹಾರ್ನಿನ ಕತ್ತಿನ ಪಕ್ಕ, ಸ್ಟೂಲಿದ್ದ ಜಾಗದಲ್ಲಿ. ಅಜ್ಜಿ ಕಾಲು ನೀಡಿ ಅದರಲ್ಲಿ ಕೂರುತ್ತಾಳೆ. ಟ್ರಯಲ್ ರೂಮಿನೊಳಗೆ ನಿಂತ ಗಿರಾಕಿಗಳಿಗೆ ಹಿಂದಿನಿಂದ ಒಂದು ದನಿ, "ಉಸಿರು ಬಿಡಪ್ಪಾ, ಈಗ ಹೊಟ್ಟೆ ಒಳಗೆ ಎಳ್ಕೊಂಡ್ರೆ ಆಮೇಲೆ ಅಂಗಿ ಬಿಗಿಯಾಗತ್ತೆ," ಎಂದು ಬುದ್ಧಿ ಹೇಳುತ್ತದೆ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಬಾವ ಹಾರ್ನಿನ ಬಾಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಹನ್ನೊಂದು ವರ್ಷದ ಬಾಕಿ ಮಾತು. ಇಬ್ಬರೂ ಮೆತ್ತಗೆ ಮಾತಾಡುತ್ತಾರೆ, ಮೆತ್ತಗೆ ನಗುತ್ತಾರೆ. ಮೊನ್ನೆ ಎದುರುಮನೆ ಮೇಡಂ ಬಾಗಿಲಿಗೆ ಬಂದರು, ಮುಖ ಸಪ್ಪೆ.

"ಏನ್ರೀ ಇದು, ನಿಮ್ಮನೇಲಿ ಏನು ನಡೀತಿದೆ ಅಂತ ಒಂದೂ ಗೊತ್ತಾಗ್ತಿಲ್ಲವಲ್ಲ! ಸ್ವಲ್ಪ ಗಟ್ಟಿಯಾಗಿ ಮಾತಾಡಿದ್ರೆ ನಿಮ್ಮ ಗಂಟೇನು ಹೋಗತ್ತೆ?"

ಹಾಗೆ ನೋಡಿದರೆ ನನಗೂ ಅದೇ ಕೊರಗು. ತಾಯಿ ಮಗ ದಿನಾ ಅಷ್ಟು ಹೊತ್ತು ಏನು ಮಾತಾಡುತ್ತಾರೆ? ನಿನ್ನೆ ತಡೆಯಲಾರದೆ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಬಂದು, ಪರದೆಯ ಪಕ್ಕ ಕಿವಿಯಿಟ್ಟು ನಿಂತೆ. ಬಾವನ ಮಾತು ನಿಂತಿತು. ಆಮೇಲೆ ಒಳಗಿನಿಂದ ಅಜ್ಜಿಯ ದನಿ ಸ್ಪಷ್ಟವಾಗಿ ಬಂತು:

"ಯಾರೋ ಇನ್ನೊಬ್ಬರು ಉಸಿರಾಡ್ತಿದ್ದಾರಲ್ಲೋ. ನಿನ್ನ ಭಾಮೈದ ಇರಬೇಕು, ಮೂಗು ಕಟ್ಟಿದೆ. ಒಳಗೆ ಬಾ ಅನ್ನು ಪಾಪ, ಅವನೂ ಬಂದು ಕೂತ್ಕೊಳ್ಳಲಿ."